ಕರೆಂಟು ಹೋಗಿ ಬಂದರೂ ಕಾಣೆಯಾಗದ ಪ್ರಿಂಟರ್: ಲಿನಕ್ಸ್‌ನಲ್ಲಿ ಮನೆಯ ರೂಟರ್ ಮೂಲಕ ಮುದ್ರಣ

ನಿನ್ನೆ ಸಂಜೆ ಸರಿಯಾಗಿ ಅಚ್ಚು ಹಾಕಿದ ಪ್ರಿಂಟರ್ ಇವತ್ತು ಬೆಳಗ್ಗೆ ‘ಆಫ್‌ಲೈನ್’ ಎನ್ನುತ್ತದೆ. ನಡುವೆ ಆದದ್ದು ಇಷ್ಟೇ: ರಾತ್ರಿ ಮಳೆಗೆ ಎರಡು ಸಲ ಕರೆಂಟು ಹೋಗಿ ಬಂದಿದೆ. ಪ್ರಿಂಟರ್ ಕೆಟ್ಟಿಲ್ಲ, ಲಿನಕ್ಸ್ ಕೆಟ್ಟಿಲ್ಲ, ಡ್ರೈವರ್ ಕೂಡ ಇದ್ದ ಹಾಗೇ ಇದೆ. ರೂಟರ್ ಮರಳಿ ಚಾಲೂ ಆಗುವಾಗ ಹಳೆಯ ಪಟ್ಟಿ ಮರೆತು ಪ್ರಿಂಟರಿಗೆ ಬೇರೆ ವಿಳಾಸ (ಮನೆಯ ಜಾಲದಲ್ಲಿ ಯಂತ್ರವನ್ನು ಹುಡುಕುವ ಐಪಿ ಸಂಖ್ಯೆ) ಕೊಟ್ಟಿದೆ. ಲ್ಯಾಪ್‌ಟಾಪ್ ಮಾತ್ರ ಹಳೆಯ ವಿಳಾಸದ ಬಾಗಿಲು ತಟ್ಟುತ್ತಾ ಕೂತಿದೆ. ಇದು ಗೊತ್ತಿಲ್ಲದೆ ಜನ ಡ್ರೈವರ್ ತೆಗೆದು ಹಾಕುತ್ತಾರೆ, ಮತ್ತೊಮ್ಮೆ ಹಾಕುತ್ತಾರೆ, ಕೊನೆಗೆ ಪೆನ್‌ಡ್ರೈವ್ ಹಿಡಿದು ಪೇಟೆಯ ಅಕ್ಷಯ ಕೇಂದ್ರಕ್ಕೆ (ಕೇರಳದ ಗಣಕ ಸೇವಾ ಕೇಂದ್ರ) ಹೊರಡುತ್ತಾರೆ.

ಆದ್ದರಿಂದ ಇಲ್ಲಿ ಕೆಲಸದ ಕ್ರಮ ಸ್ವಲ್ಪ ಬೇರೆ. ಮೊದಲು ವಿಳಾಸ ಗಟ್ಟಿ ಮಾಡುವುದು, ಡ್ರೈವರ್ ಆಮೇಲೆ. ಕೇರಳದ ಶಾಲೆಗಳಲ್ಲಿ ಗಣಕ ಪಾಠ ನಡೆಯುವುದು ಲಿನಕ್ಸ್‌ನಲ್ಲೇ ಆದ ಕಾರಣ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳದ ಕಡೆ ಮಕ್ಕಳಿರುವ ಮನೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಕಂಡರೆ ಆಶ್ಚರ್ಯವಿಲ್ಲ. ಶಾಲೆಯವರು ಬಳಸುವ ಕೈಟ್ ಲಿನಕ್ಸ್ ಉಬುಂಟುವನ್ನೇ ಆಧರಿಸಿದ್ದು. ಕೆಳಗಿನ ವಿಧಾನ ಅದಕ್ಕೂ ಉಬುಂಟು, ಮಿಂಟ್, ಡೆಬಿಯನ್‌ಗೂ ಹೊಂದುತ್ತದೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ; ಅಂತರ, ಅಡ್ಡಗೆರೆಗಳು ಇಲ್ಲಿರುವಂತೆಯೇ ಇರಲಿ.

ಮೊದಲು ಪ್ರಿಂಟರಿನ ಬೆನ್ನು ನೋಡಿ

ಹಿಂಬದಿಯಲ್ಲಿ ಲ್ಯಾನ್ ಕೇಬಲ್ ಚುಚ್ಚುವ ಚೌಕ ಕಿಂಡಿ ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ವೈಫೈ ಮಾತ್ರ ಇದ್ದರೂ ಅಡ್ಡಿಯಿಲ್ಲ. ಯುಎಸ್‌ಬಿ ಮಾತ್ರ ಇರುವ ಹಳೆಯ ಪ್ರಿಂಟರ್ ಆದರೆ ಎರಡು ದಾರಿ: ರೂಟರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವುದು, ಇಲ್ಲವೇ ಸದಾ ಚಾಲೂ ಇರುವ ಒಂದು ಹಳೆ ಕಂಪ್ಯೂಟರಿಗೆ ಸಿಕ್ಕಿಸಿ ಅಲ್ಲಿಂದ ಹಂಚುವುದು. ಯಾವುದು ಯಾವ ಪ್ರಿಂಟರಿಗೆ ಆಗದು ಎಂಬುದು ಮುಂದೆ ಬರುತ್ತದೆ. ಕೈಸುಡುವುದು ಹೆಚ್ಚಾಗಿ ಅಲ್ಲೇ.

ಲ್ಯಾನ್ ಕಿಂಡಿ ಇದ್ದರೆ ವೈಫೈ ಆಸೆ ಬಿಟ್ಟು ಕೇಬಲ್ ಎಳೆಯಿರಿ. ನಮ್ಮ ಹಳೆ ಮನೆಗಳ ಮುರಕಲ್ಲಿನ ಗೋಡೆ ದಪ್ಪ. ಜಗಲಿಯಲ್ಲಿರುವ ರೂಟರಿನ ಸಿಗ್ನಲ್ ಎರಡು ಗೋಡೆ ದಾಟುವಾಗಲೇ ಸೊರಗುತ್ತದೆ, ಮಳೆಗಾಲದಲ್ಲಿ ಒದ್ದೆಯಾದ ಗೋಡೆ ಇನ್ನಷ್ಟು ನುಂಗುತ್ತದೆ. ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ ಸಾಕಾಗಬಹುದು, ಆದರೆ ಪ್ರಿಂಟರಿನೊಳಗಿನ ಆಂಟೆನಾ ಮೊಬೈಲಿನದ್ದರಷ್ಟು ಒಳ್ಳೆಯದಲ್ಲ. ಕ್ಯಾಟ್ 5ಇ ಕೇಬಲ್ 100 ಮೀಟರ್ ತನಕ ಓಡುತ್ತದೆ. ಮನೆಯೊಳಗೆ ಅದಕ್ಕಿಂತ ಹೆಚ್ಚು ಬೇಡ.

ವೈಫೈಯೇ ಗತಿಯಾದರೆ ಕೆಲವು ವಿಷಯ ಗಮನಿಸಿ. ಮನೆಬಳಕೆಯ ಅಗ್ಗದ ಪ್ರಿಂಟರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ರೂಟರಿನಲ್ಲಿ 2.4, 5 ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದು ಪ್ರಿಂಟರ್ ಸೇರಲು ಮೊಂಡು ಹಿಡಿದರೆ, 2.4ಕ್ಕೆ ಬೇರೆ ಹೆಸರು ಕೊಡಿ. ಭದ್ರತೆಯಲ್ಲಿ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೆ ಪ್ರಿಂಟರಿಗೆ ಅರ್ಥವಾಗದು, ಡಬ್ಲ್ಯುಪಿಎ2 ಇರಲಿ. ಚಾನೆಲ್ 1, 6, 11ರಲ್ಲಿ ಒಂದನ್ನು ಗೊತ್ತುಮಾಡಿ. ರೂಟರ್ ತಾನಾಗಿ 12 ಅಥವಾ 13ಕ್ಕೆ ಹೋದರೆ ಕೆಲವು ಪ್ರಿಂಟರುಗಳಿಗೆ ಆ ವೈಫೈ ಕಾಣುವುದೇ ಇಲ್ಲ. ‘ಗೆಸ್ಟ್’ ಹೆಸರಿನ ವೈಫೈಗೆ ಪ್ರಿಂಟರನ್ನು ಸೇರಿಸಲೇಬೇಡಿ. ಅಲ್ಲಿ ಒಂದು ಯಂತ್ರಕ್ಕೆ ಇನ್ನೊಂದು ಕಾಣದಂತೆ ರೂಟರ್ ಗೋಡೆ ಕಟ್ಟಿರುತ್ತದೆ. ಡಬ್ಲ್ಯುಪಿಎಸ್ ಗುಂಡಿ ಒತ್ತಿ ಸೇರಿಸುವುದಾದರೆ ರೂಟರಿನದ್ದು ಒತ್ತಿದ 2 ನಿಮಿಷದೊಳಗೆ ಪ್ರಿಂಟರಿನದ್ದೂ ಒತ್ತಬೇಕು.

ಎರಡು ರೂಟರಿನ ಮನೆ

ಫೈಬರ್ ಹಾಕಿದವರು ಕೊಟ್ಟ ಡಬ್ಬವನ್ನು ಎಲ್ಲರೂ ಮೋಡೆಮ್ ಎನ್ನುತ್ತಾರೆ. ಅದು ಒಎನ್‌ಟಿ, ಅದರೊಳಗೇ ಒಂದು ರೂಟರ್ ಇದೆ. ಉಪ್ಪರಿಗೆಗೆ ಸಿಗ್ನಲ್ ಸಿಗುವುದಿಲ್ಲ ಎಂದು ಅಂಗಡಿಯಿಂದ ಇನ್ನೊಂದು ರೂಟರ್ ತಂದು ಸಿಕ್ಕಿಸಿದರೆ ಮನೆಯೊಳಗೆ ಎರಡು ಬೇರೆ ಬೇರೆ ಜಾಲ ಹುಟ್ಟುತ್ತವೆ: ಕೆಳಗೆ 192.168.1ರ ಸಾಲು, ಮೇಲೆ 192.168.0ರ ಸಾಲು. ಪ್ರಿಂಟರ್ ಕೆಳಗಿನದ್ದರಲ್ಲಿ, ಲ್ಯಾಪ್‌ಟಾಪ್ ಮೇಲಿನದ್ದರಲ್ಲಿ ಇದ್ದರೆ ವಿಳಾಸ ಕೈಯಾರೆ ಹಾಕಿದಾಗ ಮುದ್ರಣವಾದೀತು, ಆದರೆ ತಾನಾಗಿ ಪತ್ತೆಯಾಗದು. ತಿರುಗಾ ಮುರುಗಾ ಆದರೆ, ಅಂದರೆ ಪ್ರಿಂಟರ್ ಮೇಲೆ, ಲ್ಯಾಪ್‌ಟಾಪ್ ಕೆಳಗೆ ಇದ್ದರೆ, ಸಾಮಾನ್ಯ ದಾರಿಯಲ್ಲಿ ಆಗದು. ಎರಡಕ್ಕೂ 192.168.1ರ ಸಾಲೇ ಇದ್ದರಂತೂ ಗೊಂದಲ ಇನ್ನೂ ಹೆಚ್ಚು.

ಮದ್ದು ಸುಲಭ. ಎರಡನೆಯ ರೂಟರಿನ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಆರಿಸಿ. ಆ ಆಯ್ಕೆ ಇಲ್ಲದ ಹಳೆ ರೂಟರ್ ಆದರೆ ಅದರ ಡಿಎಚ್‌ಸಿಪಿಯನ್ನು (ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಅದಕ್ಕೆ 192.168.1.2ರಂತೆ ಖಾಲಿ ಇರುವ ಒಂದು ವಿಳಾಸ ಕೊಟ್ಟು, ಒಎನ್‌ಟಿಯಿಂದ ಬರುವ ಕೇಬಲನ್ನು ವ್ಯಾನ್ ಕಿಂಡಿಯಿಂದ (ಇಂಟರ್ನೆಟ್ ಒಳಬರುವ ಕಿಂಡಿ) ತೆಗೆದು ಲ್ಯಾನ್ ಕಿಂಡಿಗೆ ಹಾಕಿ. ಈಗ ಇಡೀ ಮನೆ ಒಂದೇ ಜಾಲ. ಇದನ್ನು ಮಾಡದೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ವಿಳಾಸ ಕಟ್ಟಿಹಾಕುವುದು

ಟರ್ಮಿನಲ್ ತೆರೆದು ‘ಐಪಿ ರೂಟ್’ ಎಂದು ಹೊಡೆಯಿರಿ (ರೂಟ್ ಎಂದರೆ ಇಂಗ್ಲಿಷಿನ ರೂಟರ್ ಪದದ ಕೊನೆಯ ಅಕ್ಷರ ಬಿಟ್ಟದ್ದು). ‘ಡಿಫಾಲ್ಟ್ ವಯಾ’ ಎಂಬ ಪದಗಳ ನಂತರ ಇರುವ ಸಂಖ್ಯೆಯೇ ನಿಮ್ಮ ರೂಟರ್: ಹೆಚ್ಚಾಗಿ 192.168.1.1, ಕೆಲವೊಮ್ಮೆ 192.168.0.1 ಅಥವಾ 192.168.100.1. ಅದನ್ನು ಬ್ರೌಸರಿನ ವಿಳಾಸಪಟ್ಟಿಯಲ್ಲಿ ಹಾಕಿ ಒಳಹೊಕ್ಕಿ. ಪಾಸ್‌ವರ್ಡ್ ಡಬ್ಬದ ತಳದ ಚೀಟಿಯಲ್ಲಿರುತ್ತದೆ; ಇಲ್ಲದಿದ್ದರೆ ಕೇಬಲಿನವರನ್ನೇ ಕೇಳಬೇಕು.

ಈಗ ಪ್ರಿಂಟರಿನ ಮ್ಯಾಕ್ ವಿಳಾಸ, ಅಂದರೆ ಆ ಯಂತ್ರದ ಬದಲಾಗದ ಗುರುತು ಸಂಖ್ಯೆ, ಬೇಕು. ಪ್ರಿಂಟರಿನ ಮೆನುವಿನಲ್ಲಿ ‘ನೆಟ್‌ವರ್ಕ್ ಸ್ಟೇಟಸ್’ ಅಥವಾ ‘ಕಾನ್ಫಿಗರೇಶನ್’ ಹಾಳೆ ಅಚ್ಚು ಹಾಕುವ ಆಯ್ಕೆ ಇರುತ್ತದೆ. ಪರದೆ ಇಲ್ಲದ ಮಾದರಿಗಳಲ್ಲಿ ಒಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಹಾಳೆ ಬರುತ್ತದೆ. ಅದರಲ್ಲಿ ಎರಡೆರಡರಂತೆ ಆರು ಜೋಡಿಯ ಹನ್ನೆರಡು ಅಂಕಿ ಅಕ್ಷರಗಳು ಇರುತ್ತವೆ. ಒಂದು ಎಚ್ಚರ: ವೈಫೈ ಮತ್ತು ಲ್ಯಾನ್ ಎರಡೂ ಇರುವ ಪ್ರಿಂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಮ್ಯಾಕ್. ವೈಫೈಯದ್ದನ್ನು ಬರೆದುಕೊಂಡು ಆಮೇಲೆ ಕೇಬಲ್ ಹಾಕಿದರೆ ಕಟ್ಟಿದ ವಿಳಾಸ ಹಿಡಿಯುವುದಿಲ್ಲ, ಏಕೆಂದು ತಲೆ ಕೆರೆದುಕೊಂಡರೂ ಗೊತ್ತಾಗುವುದಿಲ್ಲ.

ರೂಟರಿನಲ್ಲಿ ‘ಲ್ಯಾನ್’, ಅದರೊಳಗೆ ‘ಡಿಎಚ್‌ಸಿಪಿ’ ಎಂಬಲ್ಲಿಗೆ ಹೋಗಿ. ‘ಅಡ್ರೆಸ್ ರಿಸರ್ವೇಶನ್’, ‘ಸ್ಟ್ಯಾಟಿಕ್ ಲೀಸ್’, ‘ಬೈಂಡಿಂಗ್’ ಹೀಗೆ ಕಂಪನಿಗೊಂದು ಹೆಸರು. ಆ ಮ್ಯಾಕ್ ಬರೆದು ಎದುರು 192.168.1.50 ಎಂದು ಹಾಕಿ ಉಳಿಸಿ (ರೂಟರ್ 192.168.0.1 ಆದರೆ 192.168.0.50). ಪ್ರಿಂಟರಿನ ಸ್ವಿಚ್ ಆರಿಸಿ ಮತ್ತೆ ಹಾಕಿ, ಹಾಳೆ ಮತ್ತೆ ತೆಗೆದು 50 ಬಂದಿದೆಯೇ ನೋಡಿ. ರೂಟರನ್ನೂ ಒಮ್ಮೆ ಆರಿಸಿ ಹಾಕಿ ಇದನ್ನೇ ಮತ್ತೊಮ್ಮೆ ಪರೀಕ್ಷಿಸಿ. ಮಳೆಗಾಲದ ರಾತ್ರಿ ಆಗುವುದೂ ಅದೇ ತಾನೆ.

ಕೆಲವು ಒಎನ್‌ಟಿಗಳಲ್ಲಿ ಗ್ರಾಹಕರ ಲಾಗಿನ್‌ಗೆ ಈ ಪುಟ ತೆರೆಯುವುದೇ ಇಲ್ಲ. ಆಗ ಪ್ರಿಂಟರಿನೊಳಗೇ ಸ್ಥಿರ ವಿಳಾಸ ಹಾಕಬೇಕು. ರೂಟರ್ ಹಂಚುವ ವಿಳಾಸಗಳ ಕೊನೆಯ ಸಂಖ್ಯೆ 2ರಿಂದ 200ರ ತನಕ ಇದ್ದರೆ ಪ್ರಿಂಟರಿಗೆ 220 ಕೊಡಿ. ಹಂಚಿಕೆಯೊಳಗಿನ ಸಂಖ್ಯೆ ಕೊಟ್ಟರೆ ಒಂದು ದಿನ ನೆಂಟರ ಮೊಬೈಲಿಗೂ ಅದೇ ಸಿಕ್ಕಿ ಪ್ರಿಂಟರ್ ಮಾಯವಾಗುತ್ತದೆ, ನೆಂಟರು ಹೋದ ಮೇಲೆ ತಾನಾಗಿ ಸರಿಯಾಗುತ್ತದೆ. ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ ಜಾಗದಲ್ಲಿ ರೂಟರಿನ ವಿಳಾಸ.

ಲಿನಕ್ಸ್‌ಗೆ ಸೇರಿಸುವುದು

ಲಿನಕ್ಸ್‌ನಲ್ಲಿ ಮುದ್ರಣ ನೋಡಿಕೊಳ್ಳುವುದು ಕಪ್ಸ್ ಎಂಬ ತಂತ್ರಾಂಶ. ಮೈಕಲ್ ಸ್ವೀಟ್ ಬರೆದ ಇದು 1999ರಲ್ಲಿ ಹೊರಬಂತು. ಆಪಲ್ ಕಂಪ್ಯೂಟರುಗಳಲ್ಲೂ ಇರುವುದು ಇದೇ. ಈಚಿನ ವರ್ಷಗಳ ನೆಟ್‌ವರ್ಕ್ ಪ್ರಿಂಟರ್ ಆದರೆ ಹೆಚ್ಚಾಗಿ ಡ್ರೈವರೇ ಬೇಡ. ಏರ್‌ಪ್ರಿಂಟ್ ಎಂಬ ಗುರುತು ಪೆಟ್ಟಿಗೆಯ ಮೇಲಿದ್ದರೆ ಐಫೋನಿಗೆ ಅರ್ಥವಾಗುವ ಭಾಷೆಯೇ ಲಿನಕ್ಸ್‌ಗೂ ಸಾಕು. ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟರ್ಸ್’ ತೆರೆದರೆ ಅದು ಆಗಲೇ ಅಲ್ಲಿ ಕೂತಿರುತ್ತದೆ.

ಆದರೂ ಕೈಯಾರೆ ಒಂದು ಸರದಿ (ಪ್ರಿಂಟ್ ಕ್ಯೂ) ಮಾಡಿಡುವುದು ಒಳ್ಳೆಯದು. ತಾನಾಗಿ ಪತ್ತೆಯಾದ ಪ್ರಿಂಟರ್ ಜಾಲದಲ್ಲಿ ಕೂಗು ಕೇಳಿಸಿದಾಗ ಮಾತ್ರ ಇರುತ್ತದೆ; ಕೈಯಾರೆ ಮಾಡಿದ್ದು ವಿಳಾಸವನ್ನೇ ನಂಬಿ ನೇರ ಹೋಗುತ್ತದೆ. ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್:631’ ತೆರೆಯಿರಿ. ‘ಅಡ್ಮಿನಿಸ್ಟ್ರೇಶನ್’, ‘ಆಡ್ ಪ್ರಿಂಟರ್’ ಒತ್ತಿದರೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಲ್ಯಾಪ್‌ಟಾಪಿಗೆ ಲಾಗಿನ್ ಆಗುವುದೇ ಇಲ್ಲಿಯೂ ನಡೆಯುತ್ತದೆ. ‘ಫರ್ಬಿಡನ್’ ಎಂದರೆ ನಿಮ್ಮ ಖಾತೆ ‘ಎಲ್‌ಪಿಅಡ್ಮಿನ್’ ಗುಂಪಿನಲ್ಲಿಲ್ಲ. ಆ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ಸಂಪರ್ಕದ ಬಗೆ ಕೇಳಿದಾಗ ಹೊಸ ಪ್ರಿಂಟರಿಗೆ ‘ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್ ಐಪಿಪಿ’ ಆರಿಸಿ, ವಿಳಾಸ ಹೀಗೆ:

ಐಪಿಪಿ://192.168.1.50/ಐಪಿಪಿ/ಪ್ರಿಂಟ್

ಮಾದರಿಯ ಪಟ್ಟಿಯಲ್ಲಿ ‘ಐಪಿಪಿ ಎವ್ರಿವೇರ್’ ಆರಿಸಿದರೆ ಮುಗಿಯಿತು. ಹಳೆಯದ್ದಾದರೆ ‘ಆಪ್‌ಸಾಕೆಟ್, ಜೆಟ್‌ಡೈರೆಕ್ಟ್’ ಆರಿಸಿ:

ಸಾಕೆಟ್://192.168.1.50:9100

ಆಗ ಮಾದರಿಗೆ ತಕ್ಕ ಡ್ರೈವರ್ ಬೇಕು. ಎಪ್ಸನ್ ಇಂಕ್‌ಟ್ಯಾಂಕ್‌ಗಳಿಗೆ ‘ಎಸ್ಕ್‌ಪಿಆರ್’, ಬ್ರದರ್ ಲೇಸರ್‌ಗಳಲ್ಲಿ ಅನೇಕಕ್ಕೆ ‘ಬಿಆರ್‌ಲೇಸರ್’, ಎಚ್‌ಪಿಗೆ ‘ಎಚ್‌ಪ್ಲಿಪ್’. ಮೂರೂ ಉಬುಂಟುವಿನ ಭಂಡಾರದಲ್ಲೇ ಸಿಗುತ್ತವೆ. ಎಚ್‌ಪಿಯ ಕೆಲವು ಲೇಸರ್‌ಗಳಿಗೆ ಎಚ್‌ಪ್ಲಿಪ್ ಜೊತೆಗೆ ಪ್ಲಗಿನ್ ಬೇಕು, ‘ಎಚ್‌ಪಿ-ಪ್ಲಗಿನ್’ ಎಂದು ಹೊಡೆದು ಇಳಿಸಿಕೊಳ್ಳಬೇಕು. ಪ್ಲಗಿನ್‌ನ ಆವೃತ್ತಿ ಎಚ್‌ಪ್ಲಿಪ್‌ನ ಆವೃತ್ತಿಗೆ ಸರಿಹೊಂದಲೇಬೇಕು. ಉಬುಂಟು ಹೊಸ ಆವೃತ್ತಿಗೆ ಏರಿದ ಮರುದಿನ ಎಚ್‌ಪಿ ಲೇಸರ್ ಮೌನವಾದರೆ ಮೊದಲು ಇದನ್ನೇ ಶಂಕಿಸಿ, ಅದೇ ಕಮಾಂಡನ್ನು ಮತ್ತೆ ಓಡಿಸಿ.

ಸರದಿಗೆ ಹೆಸರು ಕೊಡುವಾಗ ಖಾಲಿ ಜಾಗ, ಓರೆಗೆರೆ, ಹ್ಯಾಷ್ ಚಿಹ್ನೆ ಬೇಡ. ಕಾಗದದ ಗಾತ್ರ ಎ4 ಎಂದು ಗೊತ್ತುಮಾಡಿ. ಲ್ಯಾಪ್‌ಟಾಪಿನ ಭಾಷೆ ಅಮೆರಿಕದ ಇಂಗ್ಲಿಷ್ ಆಗಿದ್ದರೆ ಲಿನಕ್ಸ್ ‘ಲೆಟರ್’ ಗಾತ್ರ ಹಿಡಿದುಕೊಳ್ಳುತ್ತದೆ. ಅದು 216 × 279 ಮಿಲಿಮೀಟರ್. ನಮ್ಮ ಎ4 210 × 297. ಟ್ರೇಯಲ್ಲಿ ಕಾಗದ ತುಂಬಿದ್ದರೂ ಕಿತ್ತಳೆ ದೀಪ ಮಿನುಗಿ ‘ಕಾಗದ ಹಾಕು’ ಎನ್ನುವ ಪ್ರಿಂಟರಿನ ಹಟದ ಹಿಂದೆ ಹೆಚ್ಚಾಗಿ ಇರುವುದು ಇದೇ.

ಈಗ ಪಟ್ಟಿಯಲ್ಲಿ ಒಂದೇ ಪ್ರಿಂಟರ್ ಎರಡು ಹೆಸರಲ್ಲಿ ಕಾಣಬಹುದು: ನೀವು ಮಾಡಿದ್ದು ಒಂದು, ‘ಕಪ್ಸ್-ಬ್ರೌಸ್ಡ್’ ಎಂಬ ಸೇವೆ ತಾನಾಗಿ ಮಾಡಿದ್ದು ಇನ್ನೊಂದು. ಎರಡನೆಯದನ್ನು ಅಳಿಸಿದರೆ ಮತ್ತೆ ಹುಟ್ಟುತ್ತದೆ. ಆ ಸೇವೆಯನ್ನೇ ನಿಲ್ಲಿಸಬೇಕು: ‘ಸುಡೋ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಕಪ್ಸ್-ಬ್ರೌಸ್ಡ್’. 2024ರ ಸೆಪ್ಟೆಂಬರಿನಲ್ಲಿ ಇದೇ ಸೇವೆಯಲ್ಲಿ ಹೊರಗಿನವರು ನುಸುಳಬಹುದಾದ ಗಂಭೀರ ದೋಷ ಬಯಲಾಗಿತ್ತು. ತಿದ್ದುಪಡಿ ಬಂದಿದೆ, ಆದರೂ ಕೈಯಾರೆ ಸರದಿ ಮಾಡಿದವರಿಗೆ ಅದರ ಅಗತ್ಯವಿಲ್ಲ. ಹಾಗೆಯೇ, ದೂರದಿಂದ ಮುದ್ರಿಸುವ ಆಸೆಗೆ 631 ಅಥವಾ 9100 ಪೋರ್ಟನ್ನು (ಮುದ್ರಣದ ಮಾತು ಒಳಬರುವ ಬಾಗಿಲಿನ ಸಂಖ್ಯೆ) ರೂಟರಿನಲ್ಲಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ. 9100ಕ್ಕೆ ಯಾರು ಏನು ಕಳುಹಿಸಿದರೂ ಪ್ರಿಂಟರ್ ಕೇಳದೆ ಅಚ್ಚು ಹಾಕುತ್ತದೆ.

ಯುಎಸ್‌ಬಿ ಪ್ರಿಂಟರ್, ರೂಟರಿನ ಬೆನ್ನಿಗೆ

ರೂಟರಿನಲ್ಲಿ ಯುಎಸ್‌ಬಿ ಕಿಂಡಿ ಇದ್ದ ಮಾತ್ರಕ್ಕೆ ಅದು ಪ್ರಿಂಟರಿಗೆ ಆಗುತ್ತದೆ ಎಂದಿಲ್ಲ. ಫೈಬರಿನವರು ಕೊಡುವ ಡಬ್ಬದ ಕಿಂಡಿ ಸಾಮಾನ್ಯವಾಗಿ ಪೆನ್‌ಡ್ರೈವ್ ಹಂಚಲಿಕ್ಕೆ. ಇನ್ನು ಕೆಲವು ರೂಟರುಗಳು ‘ಪ್ರಿಂಟ್ ಸರ್ವರ್’ ಎಂದು ಹೇಳಿಕೊಂಡರೂ ತಮ್ಮದೇ ಗುಟ್ಟಿನ ವಿಧಾನದಲ್ಲಿ ಯುಎಸ್‌ಬಿಯನ್ನು ಜಾಲದ ಮೇಲೆ ಸಾಗಿಸುತ್ತವೆ. ಅದಕ್ಕೆ ಬೇಕಾದ ತಂತ್ರಾಂಶ ವಿಂಡೋಸ್, ಮ್ಯಾಕ್‌ಗೆ ಮಾತ್ರ ಇರುತ್ತದೆ. ಕೊಳ್ಳುವ ಮೊದಲು ಕೈಪಿಡಿಯಲ್ಲಿ ‘ಎಲ್‌ಪಿಆರ್’ ಅಥವಾ ‘ರಾ 9100’ ಎಂಬ ಮಾತು ಇದೆಯೇ ಹುಡುಕಿ. ಇಲ್ಲದಿದ್ದರೆ ಲಿನಕ್ಸ್‌ಗೆ ಅದು ಬರಿಯ ಕಿಂಡಿ. ಈಗಾಗಲೇ ಕೊಂಡದ್ದಾದರೆ ಪ್ರಿಂಟರ್ ಸಿಕ್ಕಿಸಿ ‘ಎನ್‌ಸಿ -ಝಡ್‌ವಿ 192.168.1.1 9100’ ಹೊಡೆಯಿರಿ. ‘ಸಕ್ಸೀಡೆಡ್’ ಎಂದರೆ ದಾರಿ ಇದೆ, ‘ರೆಫ್ಯೂಸ್ಡ್’ ಎಂದರೆ ಇಲ್ಲ.

ಹಳೆ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆಂದೇ ಇರುವ ಲಿನಕ್ಸ್) ಹಾಕಲು ಬರುವುದಾದರೆ ಚಿತ್ರ ಬದಲಾಗುತ್ತದೆ. ‘ಕೆಮಾಡ್-ಯುಎಸ್‌ಬಿ-ಪ್ರಿಂಟರ್’ ಮತ್ತು ‘ಪಿ910ಎನ್‌ಡಿ’ ಎಂಬ ಎರಡು ಪೊಟ್ಟಣ ಸಾಕು. ಎರಡನೆಯದ್ದರ ಸೆಟ್ಟಿಂಗ್‌ನಲ್ಲಿ ‘ಎನೇಬಲ್ಡ್’ ಆರಂಭದಲ್ಲಿ 0 ಇರುತ್ತದೆ, ಅದನ್ನು 1 ಮಾಡಿ. ಪೋರ್ಟ್ ಜಾಗದಲ್ಲಿ 0 ಎಂದಿದ್ದರೆ ಹೆದರಬೇಡಿ. ಅಲ್ಲಿ 0 ಎಂದರೆ 9100, 1 ಎಂದರೆ 9101. ಆಮೇಲೆ ಕಪ್ಸ್‌ನಲ್ಲಿ ಸಾಕೆಟ್ ವಿಳಾಸವಾಗಿ ಆ ರೂಟರಿನ ವಿಳಾಸವನ್ನೇ ಕೊಡಿ. ಡ್ರೈವರ್ ಆರಿಸುವಾಗ ‘ರಾ’ ಎಂದು ಬಿಡಬಾರದು. ರೂಟರ್ ಇಲ್ಲಿ ಬರಿಯ ಓಣಿ; ಕಡತವನ್ನು ಪ್ರಿಂಟರಿನ ಭಾಷೆಗೆ ತಿರುಗಿಸುವ ಕೆಲಸ ಲ್ಯಾಪ್‌ಟಾಪಿನದ್ದೇ. ಈ ಓಣಿಯಲ್ಲಿ ಒಂದು ಸಲಕ್ಕೆ ಒಬ್ಬರೇ ನಡೆಯಬಹುದು. ಒಬ್ಬರ ನಲವತ್ತು ಪುಟ ಹೋಗುತ್ತಿದ್ದರೆ ಇನ್ನೊಬ್ಬರದ್ದು ಅವರ ಲ್ಯಾಪ್‌ಟಾಪಿನಲ್ಲೇ ಕಾಯುತ್ತದೆ.

ಇನ್ನು ಊರಲ್ಲಿ ಹೆಚ್ಚು ಕಾಣುವ ಎರಡು ಹಳೆ ಯಂತ್ರಗಳ ಮಾತು. ಎಚ್‌ಪಿ ಲೇಸರ್‌ಜೆಟ್ 1020 ಒಂದು. ಇದರ ಮಿದುಳು ಅದರೊಳಗೆ ಉಳಿಯುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರಿನಿಂದ ಒಂದು ಫರ್ಮ್‌ವೇರ್ ಕಡತ ಕಳುಹಿಸಬೇಕು. 1018, ಪಿ1005, ಪಿ1007, ಪಿ1008 ಕೂಡ ಇದೇ ಜಾತಿ. ಲ್ಯಾಪ್‌ಟಾಪಿಗೆ ನೇರ ಸಿಕ್ಕಿಸಿದಾಗ ಎಚ್‌ಪ್ಲಿಪ್ ಇದನ್ನು ಸದ್ದಿಲ್ಲದೆ ಮಾಡುತ್ತಿತ್ತು. ರೂಟರಿಗೆ ಸಿಕ್ಕಿಸಿದರೆ ಮಾಡುವವರಿಲ್ಲ. ಹಾಗಾಗಿ ಹಸಿರು ದೀಪ ಉರಿಯುತ್ತದೆ, ಲಿನಕ್ಸ್ ‘ಕಂಪ್ಲೀಟೆಡ್’ ಎನ್ನುತ್ತದೆ, ಹಾಳೆ ಮಾತ್ರ ಅಲ್ಲಾಡುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಪ್ರಿಂಟರ್ ಚಾಲೂ ಆದ ಕೂಡಲೇ ಆ ಕಡತವನ್ನು ‘ಡೆವ್’ ಕೆಳಗಿನ ‘ಯುಎಸ್‌ಬಿ/ಎಲ್‌ಪಿ0’ಗೆ ಸುರಿಯುವ ಹಾಟ್‌ಪ್ಲಗ್ ಸ್ಕ್ರಿಪ್ಟ್ ಇಡಬೇಕು. ಕಡತ ಹೋಗಿ ಮುಟ್ಟಿತೆಂದು ತಿಳಿಯಲು ಕಿವಿ ಸಾಕು: ಪ್ರಿಂಟರ್ ಒಮ್ಮೆ ಮೋಟಾರು ತಿರುಗಿಸಿ ಸುಮ್ಮನಾಗುತ್ತದೆ. ಆ ಸದ್ದು ಕೇಳದಿದ್ದರೆ ಮುದ್ರಣಕ್ಕೆ ಕೊಡುವುದೇ ವ್ಯರ್ಥ.

ಎರಡನೆಯದು ಕ್ಯಾನನ್ ಎಲ್‌ಬಿಪಿ 2900. ಗಟ್ಟಿ ಯಂತ್ರ, ಆದರೆ ಇದು ಮಾತನಾಡುವ ಕ್ಯಾಪ್ಟ್ ಎಂಬ ಭಾಷೆಯಲ್ಲಿ ಕಂಪ್ಯೂಟರ್ ಒಂದು ಹೇಳಿದರೆ ಪ್ರಿಂಟರ್ ಮರಳಿ ಒಂದು ಹೇಳುತ್ತಾ ಹೋಗಬೇಕು. ಕಂಪನಿಯ ಲಿನಕ್ಸ್ ಡ್ರೈವರ್ ಯುಎಸ್‌ಬಿ ಕಿಂಡಿಯನ್ನು ನೇರ ಹಿಡಿದುಕೊಂಡೇ ಈ ಸಂವಾದ ನಡೆಸುವುದು. ರೂಟರಿನ 9100ರ ಓಣಿಯಲ್ಲಿ ಅದು ಆಗುವುದಿಲ್ಲ. ಇದಕ್ಕಿರುವುದು ಮುಂದಿನ ದಾರಿ ಮಾತ್ರ.

ಹಳೆ ಕಂಪ್ಯೂಟರೇ ಸರ್ವರ್

ಮೂಲೆಗೆ ಬಿದ್ದ ಡೆಸ್ಕ್‌ಟಾಪ್ ಅಥವಾ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಪ್ರಿಂಟರನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿ, ಡ್ರೈವರ್ ಅಲ್ಲೇ ಹಾಕಿ. ‘ಲೋಕಲ್‌ಹೋಸ್ಟ್:631’ರ ಅಡ್ಮಿನಿಸ್ಟ್ರೇಶನ್ ಪುಟದಲ್ಲಿ ‘ಶೇರ್ ಪ್ರಿಂಟರ್ಸ್’ ಗುರುತು ಹಾಕಿ. ಪ್ರಿಂಟರಿನ ಪುಟದಲ್ಲಿಯೂ ‘ಶೇರ್’ ಗುರುತು ಬೇಕು. ಎರಡರಲ್ಲಿ ಒಂದು ಮರೆತರೂ ಹಂಚಿಕೆಯಾಗದು. ಈ ಕಂಪ್ಯೂಟರಿಗೂ ರೂಟರಿನಲ್ಲಿ ವಿಳಾಸ ಕಟ್ಟಿಡಿ. ಫೈರ್‌ವಾಲ್ ಇದ್ದರೆ 631 ಹಾಗೂ ಪತ್ತೆಗಾಗಿ ಯುಡಿಪಿ 5353 ಮನೆಯ ಜಾಲಕ್ಕೆ ತೆರೆದಿರಲಿ. ಇದರ ಲಾಭ ಲಿನಕ್ಸ್‌ಗೆ ಮಾತ್ರ ಅಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲೂ ಆ ಪ್ರಿಂಟರ್ ತಾನಾಗಿ ಕಾಣತೊಡಗುತ್ತದೆ. ವಾಟ್ಸಾಪಿನಲ್ಲಿ ಬಂದ ಪ್ರಶ್ನೆಪತ್ರಿಕೆಯನ್ನು ಮೊಬೈಲಿನಿಂದಲೇ ಅಚ್ಚು ಹಾಕಬಹುದು.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸಿದರೆ ವಿದ್ಯುತ್ ಖರ್ಚು 10 ವ್ಯಾಟ್ ಒಳಗೆ. ಆದರೆ ಪೈಯ ಪ್ರೊಸೆಸರ್ ಆರ್ಮ್ ಜಾತಿಯದು. ಕಂಪನಿಗಳು ಇಂಟೆಲ್ ಜಾತಿಗೆ ಮಾತ್ರ ಕಟ್ಟಿಕೊಟ್ಟ ಡ್ರೈವರ್ ಅದರಲ್ಲಿ ಓಡದು. 2900ರ ಕಂಪನಿ ಡ್ರೈವರ್ ಅಂಥದ್ದು. ಅದಕ್ಕೆ ಹಳೆ ಡೆಸ್ಕ್‌ಟಾಪೇ ಸರಿ.

ಸರದಿ ನಿಂತಾಗ

ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತುವ ಮೊದಲು ಮೂರು ಪ್ರಶ್ನೆ, ಇದೇ ಕ್ರಮದಲ್ಲಿ. ‘ಪಿಂಗ್ 192.168.1.50’ ಉತ್ತರ ಕೊಡುತ್ತಿದೆಯೇ? ಇಲ್ಲವೆಂದರೆ ಸಮಸ್ಯೆ ಜಾಲದ್ದು, ಕಪ್ಸ್ ಮುಟ್ಟಲೇಬೇಡಿ. ಉತ್ತರ ಬಂದರೆ ‘ಎನ್‌ಸಿ -ಝಡ್‌ವಿ’ಯಿಂದ 9100 ಅಥವಾ 631 ತೆರೆದಿದೆಯೇ ನೋಡಿ. ಪಿಂಗ್ ಇದ್ದು ಪೋರ್ಟ್ ಇಲ್ಲವೆಂದರೆ ಆ ವಿಳಾಸದಲ್ಲಿ ಬೇರೆ ಯಾವುದೋ ಯಂತ್ರ ಕೂತಿರಬಹುದು; ‘ಐಪಿ ನೇ’ ಎಂಬ, ಇಂಗ್ಲಿಷಿನ ನೆರೆಯವನು ಪದದ ಮೊದಲ ಐದಕ್ಷರಗಳ ಕಮಾಂಡ್ ಕೊಟ್ಟರೆ ವಿಳಾಸದ ಎದುರು ಮ್ಯಾಕ್ ಕಾಣುತ್ತದೆ, ಪ್ರಿಂಟರಿನದ್ದೇ ಹೌದೋ ಹೋಲಿಸಿ. ಎರಡೂ ಸರಿಯಿದ್ದರೆ ‘ಎಲ್‌ಪಿಸ್ಟ್ಯಾಟ್ -ಟಿ’. ಅಲ್ಲಿ ‘ಡಿಸೇಬಲ್ಡ್’ ಎಂದಿದ್ದರೆ ಯಾವಾಗಲೋ ಪ್ರಿಂಟರ್ ಸಿಗದೆ ಕಪ್ಸ್ ಸರದಿಯನ್ನು ನಿಲ್ಲಿಸಿಬಿಟ್ಟಿದೆ. ಕರೆಂಟು ಬಂದರೂ ಅದು ತಾನಾಗಿ ಏಳುವುದಿಲ್ಲ. ‘ಕಪ್ಸ್‌ಎನೇಬಲ್’ ಬರೆದು ಮುಂದೆ ಪ್ರಿಂಟರಿನ ಹೆಸರು ಹಾಕಿ ಎಬ್ಬಿಸಿ. ಇದು ಮತ್ತೆ ಮತ್ತೆ ಆದರೆ ಪ್ರಿಂಟರಿನ ‘ಎರರ್ ಪಾಲಿಸಿ’ ನೋಡಿ. ‘ಸ್ಟಾಪ್-ಪ್ರಿಂಟರ್’ ಇದ್ದರೆ ‘ರೀಟ್ರೈ-ಜಾಬ್’ ಮಾಡಿ. ಆದರೆ ಎಬ್ಬಿಸುವ ಮೊದಲು ಸರದಿಯಲ್ಲಿ ಏನೇನಿದೆ ನೋಡಿಕೊಳ್ಳಿ. ಬರಲಿಲ್ಲವೆಂದು ಐದು ಸಲ ಪ್ರಿಂಟ್ ಒತ್ತಿದ್ದರೆ ಐದೂ ಪ್ರತಿ ಸಾಲಾಗಿ ಹೊರಬರುತ್ತವೆ.

ಹಾಳೆಯ ಮೇಲ್ತುದಿಯಲ್ಲಿ ಒಂದು ಸಾಲು ಅರ್ಥವಿಲ್ಲದ ಚಿಹ್ನೆ, ಉಳಿದದ್ದು ಖಾಲಿ, ಹೀಗೇ ಹಾಳೆ ಮೇಲೆ ಹಾಳೆ ಬರುತ್ತಿದ್ದರೆ ಡ್ರೈವರ್ ತಪ್ಪಾಗಿದೆ. ಮೊದಲ ಹಾಳೆಯಲ್ಲಿ ಶೇಕಡಾ ಚಿಹ್ನೆ, ಆಶ್ಚರ್ಯಸೂಚಕ, ನಂತರ ಪಿಎಸ್ ಎಂದಿದ್ದರೆ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆ ಅರಿಯದ ಪ್ರಿಂಟರಿಗೆ ಅದನ್ನು ಕಳುಹಿಸಲಾಗಿದೆ. ಪ್ರಿಂಟರಿನ ಸ್ವಿಚ್ ಆರಿಸಿ, ಲ್ಯಾಪ್‌ಟಾಪಿನಲ್ಲಿ ‘ಕ್ಯಾನ್ಸಲ್ -ಎ’ ಕೊಟ್ಟು, ಆಮೇಲೆ ಪ್ರಿಂಟರ್ ಹಾಕಿ. ಕ್ರಮ ತಪ್ಪಿದರೆ ಉಳಿದ ಕಸವೂ ಕಾಗದಕ್ಕೇ ಬರುತ್ತದೆ.

ಕನ್ನಡ ಅಕ್ಷರ ಮುರಿದರೆ

ಇದು ಪ್ರಿಂಟರಿನ ತಪ್ಪು ಅಲ್ಲವೇ ಅಲ್ಲ. ಅಕ್ಷರ ಕೂಡಿಸುವುದು ಲ್ಯಾಪ್‌ಟಾಪ್. ಪ್ರಿಂಟರಿಗೆ ಕನ್ನಡ ಗೊತ್ತಿರಬೇಕೆಂದಿಲ್ಲ. ‘ಫಾಂಟ್ಸ್-ಕೆಎನ್‌ಡಿಎ’ ಪೊಟ್ಟಣ ಹಾಕಿದರೆ ಗುಬ್ಬಿ, ನವಿಲು ಮುಂತಾದ ಅಕ್ಷರವಿನ್ಯಾಸ ಸಿಗುತ್ತವೆ. ಪಂಚಾಯತಿನ ಮಲಯಾಳ ಅರ್ಜಿಗಳಿಗೆ ‘ಫಾಂಟ್ಸ್-ಎಸ್‌ಎಂಸಿ’ ಹಾಕಿ. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚಾದ ಆಮಂತ್ರಣದ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ, ಅದು ಯುನಿಕೋಡ್ ಅಲ್ಲ. ಕಳುಹಿಸಿದವರಿಂದ ಪಿಡಿಎಫ್ ತರಿಸಿಕೊಳ್ಳುವುದೇ ಚುರುಕು ದಾರಿ. ಅಕ್ಷರವಿನ್ಯಾಸ ಸಾಮಾನ್ಯವಾಗಿ ಅದರೊಳಗೇ ಅಡಕವಾಗಿರುತ್ತದೆ. ಪರೀಕ್ಷಾ ಹಾಳೆಗೆ ‘ಸ್ತ್ರೀ, ಜ್ಞಾನ, ಸೂರ್ಯ, ರಾಷ್ಟ್ರ’ ಎಂದು ಬರೆದು ತೆಗೆಯಿರಿ. ನಾಲ್ಕೂ ಸರಿ ಬಂದರೆ ಉಳಿದದ್ದೂ ಬರುತ್ತದೆ.

ಮಳೆ ಮತ್ತು ಸಿಡಿಲು

ಜೂನ್‌ನಿಂದ ಆಗಸ್ಟ್ ತನಕ ಕಾಗದ ಸಿಕ್ಕಿಬೀಳುವುದಕ್ಕೆ ರೋಲರ್ ಕಾರಣ ಎಂದುಕೊಂಡು ಬಿಚ್ಚಬೇಡಿ. ತೇವ ಹೀರಿದ ಕಾಗದ ಅಲೆಅಲೆಯಾಗಿ ಎರಡೆರಡು ಒಟ್ಟಿಗೆ ಹೋಗುತ್ತದೆ. ಟ್ರೇಯಲ್ಲಿ ಇಪ್ಪತ್ತು ಹಾಳೆ ಇಟ್ಟು ಉಳಿದದ್ದನ್ನು ಗಾಳಿಯಾಡದ ಡಬ್ಬದಲ್ಲಿಡಿ. ಇಂಕ್ ಪ್ರಿಂಟರ್ ಆದರೆ ವಾರಕ್ಕೆ ಒಂದು ಬಣ್ಣದ ಹಾಳೆ ತೆಗೆಯಿರಿ, ಮೂತಿ ಒಣಗದು.

ಏಪ್ರಿಲ್, ಮೇ ಮತ್ತು ತುಲಾ ತಿಂಗಳ ಸಂಜೆಯ ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕಳಚಬೇಕು, ಲ್ಯಾನ್ ಕೇಬಲನ್ನೂ ಕಳಚಬೇಕು. ರೂಟರಿನ ಅಡಾಪ್ಟರಿನಿಂದ ನುಗ್ಗಿದ್ದು ಲ್ಯಾನ್ ತಂತಿ ಹಿಡಿದು ಪ್ರಿಂಟರಿನ ಬೋರ್ಡಿಗೆ ಹೋಗುತ್ತದೆ. ಫೈಬರ್ ಗಾಜಿನದ್ದು, ವಿದ್ಯುತ್ ತಾರದು. ಆದರೆ ಕಂಬದಿಂದ ಬರುವ ಆ ಕಪ್ಪು ವಯರಿನೊಳಗೆ ಭಾರ ಹೊರುವ ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿದ್ದಾರೆಯೇ ನೋಡಿ. ಮನೆಯಿಂದ ತೋಟದ ಶೆಡ್ಡಿಗೆ ಅಂಗಳ ದಾಟಿ ತಾಮ್ರದ ಲ್ಯಾನ್ ಕೇಬಲ್ ಎಳೆಯುವುದು ಬೇಡ. ರೂಟರನ್ನು ಸಣ್ಣ ಡಿಸಿ ಯುಪಿಎಸ್‌ನಲ್ಲಿ ಓಡಿಸುವುದಾದರೆ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಅಷ್ಟೇ ಇರಲಿ, ಸಾಮಾನ್ಯವಾಗಿ 12. ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಸಿಕ್ಕಿಸಬೇಡಿ. ಒಳಗಿನ ಹೀಟರ್ ಒಮ್ಮೆಲೇ ಎಳೆಯುವ ಕರೆಂಟಿಗೆ ಅದು ಕಿರುಚಿ ಮಲಗುತ್ತದೆ.

ಮೋಡ ಸರಿದ ಮೇಲೆ ಮೊದಲು ಒಎನ್‌ಟಿ ಹಾಕಿ. ಎರಡು ಮೂರು ನಿಮಿಷದಲ್ಲಿ ವೈಫೈ ದೀಪ ನಿಂತು ಉರಿದ ಮೇಲೆ ಪ್ರಿಂಟರ್. ಕೆಂಪು ದೀಪ ಉರಿದು ಇಂಟರ್ನೆಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಎಲ್ಲೋ ಮರ ಬಿದ್ದು ಫೈಬರ್ ತುಂಡಾಗಿರಬಹುದು. ಮನೆಯೊಳಗಿನ ಮುದ್ರಣಕ್ಕೆ ಹೊರಗಿನ ಸಂಪರ್ಕ ಬೇಕಿಲ್ಲ. ಪ್ರಿಂಟರೇ ಮೊದಲು ಎದ್ದುಬಿಟ್ಟರೆ ವಿಳಾಸ ಕೊಡುವವರಿಲ್ಲದೆ ಅದು 169.254ರಿಂದ ಶುರುವಾಗುವ ಒಂದು ಸಂಖ್ಯೆಯನ್ನು ತಾನೇ ಹಾಕಿಕೊಳ್ಳುತ್ತದೆ, ಕೆಲವು ಮಾದರಿಗಳು ಅದನ್ನೇ ಹಿಡಿದುಕೊಂಡು ಕೂರುತ್ತವೆ. ಸ್ಟೇಟಸ್ ಹಾಳೆಯಲ್ಲಿ ಆ ಸಂಖ್ಯೆ ಕಂಡರೆ ಲ್ಯಾಪ್‌ಟಾಪ್ ಮುಟ್ಟಬೇಡಿ. ಪ್ರಿಂಟರನ್ನು ಒಮ್ಮೆ ಆರಿಸಿ ಹಾಕಿ.